ಮೂರನೆಯ ಗುರುತು

ಕೊಪ್ಪಳದ ಕೋರ್ಟಿನಲ್ಲಿ ನಾನು ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತೇನೆ. ಸಾಕ್ಷಿ ಹೇಳಿದ್ದೆಷ್ಟೋ ಅಷ್ಟೇ ಕಾಗದಕ್ಕೆ ಇಳಿಯಬೇಕು. ಬಹಳ ವರ್ಷಗಳಿಂದ ಇದೇ ಕೆಲಸ. ಹಾಗಿದ್ದೂ ನಾನೇ ಹೇಳಿಕೆ ಕೊಡುವ ದಿನ ಬಂದಾಗ ಒಂದು ಮಾತನ್ನು ಬಿಟ್ಟೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಿಟ್ಟದ್ದು ಮಾತ್ರ ಉಳಿದುಕೊಂಡಿತು.

ನನ್ನ ಗೆಳೆಯನದು ಭಾಗ್ಯನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಮನೆ ಅಂಗಡಿಯ ಹಿಂದೆಯೇ. ಭಾನುವಾರ ಮಧ್ಯಾಹ್ನ ಶಟರನ್ನು ಅರ್ಧ ಎಳೆದು, ವಾರ್ನಿಷ್ ವಾಸನೆಯ ನಡುವೆ ನಾವು ಮೂವರು ಕೂರುತ್ತಿದ್ದೆವು: ಅವನು, ನಾನು, ಯಲಬುರ್ಗಾ ಕಡೆಯ ಶಾಲೆಯೊಂದರ ಮಾಸ್ತರರು. ಮಾಸ್ತರರು ತರಿಸಿದ್ದ ಇಂಗ್ಲಿಷ್ ಪುಸ್ತಕವೊಂದರಿಂದ ಆ ಆಟ ಕಲಿತಿದ್ದೆವು. ಒಬ್ಬ ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ, ತಾನೀಗ ಏನು ಮಾಡುತ್ತೇನೆಂದು ಹೇಳಬೇಕು. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಥೆ ನಡೆಸುವವನು ನಾನು. ಮಾಸ್ತರರು ಕತ್ತಿ ಹಿಡಿದ ಯೋಧ. ನನ್ನ ಗೆಳೆಯ ಯಾವ ಪ್ರಾಣಿಯ ರೂಪವನ್ನಾದರೂ ತಾಳಬಲ್ಲ ಮಂತ್ರವಾದಿ.

ಅವನ ಹೆಂಡತಿ ಆಡುತ್ತಿರಲಿಲ್ಲ. ಚಹಾ ತಂದಿಟ್ಟು, ಇವತ್ತು ಏನಾಗಿದ್ದೀರಿ ಎಂದು ಗಂಡನನ್ನು ಕೇಳುತ್ತಿದ್ದಳು. ಒಮ್ಮೆ ಅವನು ಗರುಡ ಎಂದ.

"ಹಂಗಾರ ಹಾರಿಹೋಗಿ ಒಂದ್ ಸಿಲಿಂಡರ್ ತರ್ರಿ. ಮುಂಜಾನಿಂದ ಹೇಳಾಕತ್ತೀನಿ."

ತೊಂದರೆ ಶುರುವಾದದ್ದು ರೂಪ ಬದಲಿಸುವ ಆ ವಿದ್ಯೆಯಿಂದಲೇ. ಪುಸ್ತಕದ ಪ್ರಕಾರ ರೂಪ ಬದಲಿಸಿದಾಗಲೆಲ್ಲ ಅವನಿಗೆ ಹೊಸ ಮೈ, ಹೊಸ ಪ್ರಾಣ. ಕರಡಿಯಾಗಿ ಪೆಟ್ಟು ತಿಂದರೆ ಹಾವಾಗುತ್ತಿದ್ದ; ಹಾವು ಸಾಯುವಂತಾದರೆ ಮತ್ತೆ ಮನುಷ್ಯ, ಮೈಮೇಲೆ ಒಂದು ಗೀರೂ ಇಲ್ಲ. ನೊಣವಾಗಿ ಬೀಗದ ಕಿಂಡಿಯಲ್ಲಿ ನುಗ್ಗಿ ನಾನು ವಾರವಿಡೀ ಕೂತು ಹೆಣೆದ ಒಗಟನ್ನು ಒಂದು ನಿಮಿಷದಲ್ಲಿ ಮುಗಿಸುತ್ತಿದ್ದ. ಮಾಸ್ತರರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. "ಮಾಸ್ತರ, ನಿಮ್ಮ ಕತ್ತಿಗೆ ಎಣ್ಣಿ ಹಚ್ಚಿ ಮೂಲ್ಯಾಗ ಇಡ್ರಿ" ಎಂದು ಅವನು ಕಾಡುತ್ತಿದ್ದ. ಮಾಸ್ತರರು ಮೊದಮೊದಲು ನಕ್ಕರು. ಆಮೇಲೆ, ಹೀಗಾದರೆ ತಾವು ಬರುವುದಿಲ್ಲ ಎಂದರು.

ಆಗ ನಾವು ನಮ್ಮದೇ ಕಟ್ಟಳೆ ಮಾಡಿಕೊಂಡೆವು. ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದವನು ನಾನು. ಪಾತ್ರಗಳು ಒಮ್ಮೆ ಮಲಗಿ ಏಳುವುದರೊಳಗೆ ಎರಡೇ ಸಲ ರೂಪ ಬದಲಿಸಬಹುದು. ಪ್ರಾಣಿಯ ಮೈಗೆ ಆದ ಗಾಯದಲ್ಲಿ ಅರ್ಧ ಮನುಷ್ಯನ ಮೈಗೂ ಬರುತ್ತದೆ. ಇವೆರಡನ್ನೂ ಮೂವರೂ ಮಾತಾಡಿಕೊಂಡು ಮಾಡಿದೆವು. ಮೂರನೆಯದು ನನಗೊಬ್ಬನಿಗೇ ಹೊಳೆದದ್ದು: ಆಡುವವನು ಕಣ್ಣಾರೆ ಕಂಡ ಪ್ರಾಣಿಯ ರೂಪವನ್ನು ಮಾತ್ರ ತಾಳಬೇಕು, ಒಂದೇ ಸಲ ಕಂಡದ್ದರಲ್ಲಿ ಮೂರು ಗುರುತು ಹೇಳಬೇಕು, ಆ ಗುರುತು ಫೋನಿನಲ್ಲಿ ನೋಡಿದ್ದಾಗಿರಬಾರದು. ಸಾಕ್ಷಿ ಕಟಕಟೆಯ ಪಕ್ಕ ಕೂತು ಕೂತು ಬಂದ ಬುದ್ಧಿ ಅದು.

ಅವನು ಮುನಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಬದಲಾಗಿ ಅವನಿಗೆ ಆ ಕಟ್ಟಳೆ ಬಹಳ ಹಿಡಿಸಿತು. ತಂತಿ ಸುತ್ತುವವನ ಸ್ವಭಾವ. "ಒಂದು ಸುತ್ತು ಕಡಿಮಿ ಆದ್ರ ಮೋಟಾರ್ ಸುಡ್ತೈತ್ರಿ ಸಾಹೇಬ್ರ. ರೂಲ್ ಅಂದ್ರ ಹಂಗ ಇರಬೇಕು" ಎಂದ. ಕೋರ್ಟಿನಲ್ಲಿದ್ದೇನೆಂದು ನನ್ನನ್ನು ಹಾಗೇ ಕರೆಯುತ್ತಿದ್ದ. ಅಲ್ಲಿಂದ ಮುಂದೆ ಹದ್ದನ್ನೂ ಮುಂಗುಸಿಯನ್ನೂ ನಿಂತು ನೋಡತೊಡಗಿದ. ರಿಪೇರಿಗೆ ಹೊಲಕ್ಕೆ ಹೋದವನು ಓತಿಕ್ಯಾತದ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತಿದ್ದನಂತೆ. ಭಾನುವಾರ ಬಂದು, ಮುಂಗುಸಿ ಓಡುವ ಮುಂಚೆ ಮುಂದಿನ ಎಡಗಾಲನ್ನು ಎತ್ತಿ ಹಿಡಿಯುತ್ತದೆ ಎಂದು ಸಾಕ್ಷಿ ನುಡಿಯುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ.

ಆ ಭಾನುವಾರ ಕಥೆಯಲ್ಲಿ ಮಾಸ್ತರರ ಯೋಧ ಗವಿಯೊಂದರಲ್ಲಿ ಸಿಕ್ಕಿಬಿದ್ದಿದ್ದ. ಹೊರಗೆ ತೋಳಗಳು. ಅವನನ್ನು ಉಳಿಸಲು ಒಂದೇ ದಾರಿ: ಯಾರಾದರೂ ತೋಳವಾಗಿ ಅವುಗಳ ನಡುವೆ ಹೋಗಬೇಕು. ಚಿಕ್ಕವನಿದ್ದಾಗ ಕುಷ್ಟಗಿಯ ಬಸ್ಸಿನ ಕಿಟಕಿಯಿಂದ ತೋಳ ಕಂಡಿದ್ದೇನೆ ಎಂದು ಗೆಳೆಯ ಹೇಳಿದ. ಎರಡು ಗುರುತು ಕೊಟ್ಟ, ಒಪ್ಪಿದೆ. ಮೂರನೆಯದು, ಕಣ್ಣು ಹೊಳೆಯುತ್ತಿದ್ದವು ಎಂದ. ನಾಯಿಯ ಕಣ್ಣೂ ಹೊಳೆಯುತ್ತವೆ ಎಂದು ನಾನು ತಳ್ಳಿಹಾಕಿದೆ. ಇದೊಂದು ಸಲ ಬಿಡಿ ಎಂದು ಮಾಸ್ತರರೇ ಕೇಳಿಕೊಂಡರು.

"ಮೂರಂದ್ರ ಮೂರು" ಎಂದೆ.

ನಗುತ್ತಲೇ ಹೇಳಿದ್ದೆ. ಅವನೂ ನಕ್ಕ. ನಾವು ಹೊರಡುವಾಗ, ಮಾಸ್ತರರು ಒಂದು ವಾರ ಜೀವ ಗಟ್ಟಿ ಹಿಡಿದಿರಬೇಕು, ಬರುವ ಭಾನುವಾರ ಬಿಡಿಸುತ್ತೇನೆ ಎಂದು ಹೇಳಿ ನೋಟ್‌ಬುಕ್ಕನ್ನು ತಾನೇ ಇಟ್ಟುಕೊಂಡ.

ಮುಂದಿನ ಭಾನುವಾರ ನಾನೂ ಮಾಸ್ತರರೂ ಎರಡು ಗಂಟೆಗೆ ಹೋದಾಗ ಶಟರು ಪೂರ್ತಿ ಕೆಳಗಿತ್ತು. ನಸುಕಿನಲ್ಲೇ ಬೈಕು ಹತ್ತಿ ಹೋದವರು ಇನ್ನೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ ಎಂದಳು ಹೆಂಡತಿ. ಮೂರೂಕಾಲಿಗೆ ಯಾರೋ ಅವನ ಫೋನಿನಿಂದಲೇ ಮಾತಾಡಿದರು. ಹುಲಿಹೈದರದ ಆಚೆ ಒಂದು ಗುಡ್ಡದ ಬುಡದಲ್ಲಿ ಕುರಿ ಕಾಯುವವರಿಗೆ ಸಿಕ್ಕಿದ್ದ. ಎತ್ತರದ ಬಂಡೆಯಿಂದ ಬಿದ್ದಿದ್ದ. ಅವರು ತಮ್ಮ ಕಂಬಳಿಯಲ್ಲೇ ಹೊತ್ತು ರಸ್ತೆಗೆ ತಂದು, ಗಂಗಾವತಿಯ ಆಸ್ಪತ್ರೆಗೆ ಸಾಗಿಸಿದ್ದರು. ದಾರಿಯಲ್ಲೇ ಜೀವ ಹೋಗಿತ್ತು.

ಅವನ ಚೀಲದಲ್ಲಿ ನೀರಿನ ಬಾಟಲಿ, ಮಂಡಕ್ಕಿ, ಒಂದು ಸಣ್ಣ ದುರ್ಬೀನು, ನಮ್ಮ ನೋಟ್‌ಬುಕ್ಕು ಇದ್ದವು. ನೋಟ್‌ಬುಕ್ಕಿನ ನಡುವೆ ನಾನು ಬರೆದ ನಕ್ಷೆಯಿತ್ತು: ಗುಡ್ಡ, ಗವಿ, ಏಳು ಹೆಡೆಯ ಹಾವು, ಅದರ ಪಕ್ಕ ದಪ್ಪ ಅಕ್ಷರದಲ್ಲಿ 'ಇಲ್ಲಿ ನಿಧಿ'. ಕಥೆಯ ಮುಂದಿನ ಭಾಗಕ್ಕೆಂದು ಬರೆದದ್ದು. ನಮ್ಮ ಸೀಮೆಯ ಗುಡ್ಡಗಳನ್ನೇ ನೆನೆದು ಬರೆದಿದ್ದೆ.

ಠಾಣೆಯಲ್ಲಿ ನನ್ನನ್ನು ಕೇಳಿದರು. ಅವನಿಗೆ ಪ್ರಾಣಿಗಳನ್ನು ನೋಡುವ ಹವ್ಯಾಸವಿತ್ತು, ನಕ್ಷೆ ನಾವು ಆಡುವ ಆಟದ್ದು ಎಂದೆ. ಮೂರು ಗುರುತಿನ ಮಾತು ಎತ್ತಲಿಲ್ಲ. ಬರೆದುಕೊಂಡರು. ಬಿದ್ದು ಸತ್ತದ್ದೆಂದು ಪ್ರಕರಣ ಮುಗಿಯಿತು. ನೋಟ್‌ಬುಕ್ಕನ್ನು ನನಗೆ ಕೊಟ್ಟರು. ಬಸ್ಸಿನಲ್ಲಿ ಕೂತು ಕೊನೆಯ ಪುಟ ತೆಗೆದೆ. ಪೆನ್ಸಿಲಿನಲ್ಲಿ, ಅವನ ಅಕ್ಷರದಲ್ಲಿ, 'ತೋಳ' ಎಂದಿತ್ತು. ಕೆಳಗೆ ಒಂದು: ನಿಂತಾಗ ತಲೆ ಬೆನ್ನಿಗಿಂತ ಕೆಳಗೆ. ಎರಡು: ಹಿಂಗಾಲನ್ನು ಮುಂಗಾಲಿನ ಹೆಜ್ಜೆಯಲ್ಲೇ ಇಡುತ್ತದೆ. ಎರಡೂ ಬಸ್ಸಿನ ಕಿಟಕಿಯಿಂದ ಕಂಡವಲ್ಲ, ಹೊಸವು. ಬಳಿಕ ಮೂರು ಎಂಬ ಅಂಕಿ, ಮುಂದೆ ಒಂದು ಚುಕ್ಕೆ. ಅಷ್ಟೇ.

ಆ ಪುಟವನ್ನು ನಾನು ಯಾರಿಗೂ ತೋರಿಸಲಿಲ್ಲ.

ಓಣಿಯ ಜನ ಠಾಣೆಯ ಕಾಗದ ಓದುವುದಿಲ್ಲ. ನಮ್ಮ ಕಡೆ ಗುಡ್ಡದ ಕಲ್ಲುಗಳ ಬುಡ ಅಗೆದವರ ಕಥೆ ಪ್ರತಿ ಊರಿನಲ್ಲೂ ಇದೆ. ಲಿಂಬೆಹಣ್ಣು, ಕುಂಕುಮ, ಹಾವು ಕಾಯುವ ಕೊಪ್ಪರಿಗೆ. ನಸುಕಿನಲ್ಲಿ ಒಬ್ಬನೇ ಗುಡ್ಡ ಹತ್ತಿದವನ ಚೀಲದಲ್ಲಿ ನಿಧಿಯ ನಕ್ಷೆ ಇತ್ತು ಎಂದಮೇಲೆ ಜನಕ್ಕೆ ಬೇರೇನೂ ಬೇಕಿರಲಿಲ್ಲ. ಜೊತೆಗೆ ಯಾರಿದ್ದರು, ಪಾಲಿನ ಜಗಳದಲ್ಲಿ ದೂಡಿದರೇ ಎನ್ನುವವರೆಗೆ ಮಾತು ಬೆಳೆಯಿತು. ಎಂಟನೆಯ ತರಗತಿಯಲ್ಲಿದ್ದ ಅವನ ಮಗಳನ್ನು, ನಿಮ್ಮಪ್ಪನಿಗೆ ಬಂಗಾರ ಸಿಕ್ಕಿತ್ತೇನು ಎಂದು ಯಾರೋ ಕೇಳಿದರಂತೆ. ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು.

ಇದನ್ನು ನನಗೆ ಹೇಳಿದ್ದು ಮಾಸ್ತರರು. ನಾವಿಬ್ಬರೂ ಹೋಗಿ ಎಲ್ಲವನ್ನೂ ಹೇಳೋಣ ಎಂದರು. ನಾನೊಬ್ಬನೇ ಹೋಗುತ್ತೇನೆ ಎಂದೆ. ಹಾಗೆ ಹೇಳಿ ಮತ್ತೆ ಎರಡು ವಾರ ಕಳೆದೆ.

ಹೋದ ದಿನ ಅವನ ಹೆಂಡತಿ ಅಂಗಡಿಯ ಬೆಂಚಿನ ಮೇಲೆ ಕೂತು, ಅರ್ಧ ಸುತ್ತಿ ಬಿಟ್ಟಿದ್ದ ಮೋಟಾರಿನ ಧೂಳು ಒರೆಸುತ್ತಿದ್ದಳು. ಕೂರಲು ಸ್ಟೂಲು ಸರಿಸಿದಳು.

"ಅಣ್ಣಾರ, ಖರೇ ಹೇಳ್ರಿ. ಅವರು ನಿಧಿ ಹುಡುಕಾಕ ಹೋಗಿದ್ರೇನ್ರಿ?"

ಇಲ್ಲ ಎಂದೆ. ನೋಟ್‌ಬುಕ್ಕು ತೆಗೆದು ಮೊದಲಿನಿಂದ ಹೇಳಿದೆ. ಮಾಸ್ತರರ ಬೇಸರ, ಕಟ್ಟಳೆ, ಬಸ್ಸಿನ ಕಿಟಕಿ, ಮೂರಂದ್ರ ಮೂರು ಎಂದದ್ದು. ಕೊನೆಯ ಪುಟ ತೋರಿಸಿದಾಗ ಅವಳು ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು.

"ಅಂದ್ರ ಕಂಡಾರ."

"ಕಂಡಾನ, ತಂಗಿ. ಎರಡು ಬರದಾನ. ಇನ್ನೊಂದಕ್ಕ ಮ್ಯಾಲಿನ ಬಂಡಿಗಲ್ಲು ಹತ್ತ್ಯಾನ ಅಂತ ನನಗನಸ್ತೈತಿ."

ಹತ್ತಿದ್ದನ್ನು ನಾನು ನೋಡಿಲ್ಲ. ಅದನ್ನೂ ಹೇಳಿದೆ. ಅವಳು ಖಾಲಿ ಬಿಟ್ಟ ಅಂಕಿಯ ಮೇಲೆ ಬೆರಳು ಸರಿಸಿದಳು.

"ಎರಡಕ್ಕ ಆಗ್ತಿದ್ದಿಲ್ಲೇನ್ರಿ?"

"ಆಗ್ತಿತ್ತು. ಪುಸ್ತಕದಾಗ ಆ ರೂಲ್ ಇಲ್ಲ. ನಾನ ಮಾಡಿದ್ದು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎದ್ದು ಹೋಗಬಹುದಿತ್ತು. ಅವಳು ಒಳಗೆ ಹೋಗಿ ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದಳು.

"ಈಗ ಹೇಳಿದ್ದೆಲ್ಲಾ ಬರದ್ ಕೊಡ್ರಿ."

ಕೋರ್ಟಿನಲ್ಲಿ ಟೈಪು ಮಾಡಿ ನಾಳೆ ತರುತ್ತೇನೆ ಎಂದೆ.

"ಟೈಪ್ ಬ್ಯಾಡ. ಕೈಲೆ ಬರೀರಿ. ನಕ್ಷಾದಾಗಿನ ಅಕ್ಷರ ನಿಮ್ಮವ ಅಂತ ನೋಡಿದವರಿಗೆ ಗೊತ್ತಾಗ್ಲಿ."

ಬರೆದೆ. ಕೋರ್ಟಿನ ಭಾಷೆ ತಾನಾಗಿ ಬರುತ್ತಿತ್ತು. ಎರಡು ಸಲ ಹೊಡೆದುಹಾಕಿ ಮನೆಮಾತಿನಲ್ಲಿ ಬರೆದೆ. ದೊಡ್ಡವನೊಬ್ಬ ಆಟಕ್ಕಾಗಿ ಗುಡ್ಡ ಹತ್ತಿದ ಎಂದರೆ ಜನ ನಗುತ್ತಾರೆ ಎಂದು ಎಚ್ಚರಿಸಿದೆ.

"ಕಳ್ಳ ಅನ್ನೂದಕಿಂತ ಹುಚ್ಚ ಅನ್ಲಿ" ಎಂದಳು. ಸಹಿ ಹಾಕುವ ಮೊದಲು ತಡೆದು, "ಎರಡಕ್ಕ ಆಗ್ತಿತ್ತು ಅಂದ್ರಲ್ಲಾ, ಅದನ್ನೂ ಬರೀರಿ" ಎಂದಳು.

ಅದನ್ನೂ ಬರೆದೆ.

ನಕ್ಷೆಯ ಪುಟವನ್ನೂ ಈ ಹಾಳೆಯನ್ನೂ ಹಿಡಿದು ಅವಳು ಪಕ್ಕದ ಮನೆಯ ಬಾಗಿಲಿಗೆ ಹೋದಳು. ಅರ್ಧ ಎಳೆದ ಶಟರಿನ ಕೆಳಗೆ ನನಗೆ ಇಬ್ಬರ ಕಾಲುಗಳಷ್ಟೇ ಕಾಣುತ್ತಿದ್ದವು. ಅವಳು ಮೊದಲಿಂದ ಕೊನೆಯವರೆಗೆ ಓದಿದಳು, ಎಲ್ಲೂ ತಡವರಿಸದೆ. ಪಕ್ಕದ ಮನೆಯಾಕೆ, ಅಷ್ಟು ದೊಡ್ಡ ಮನುಷ್ಯ ಒಂದು ಆಟಕ್ಕೆ ಹೋಗಿದ್ದನೇ ಎಂದು ಕೇಳಿದಳು.

"ಹೂಂನ್ರಿ" ಎಂದಳು ಇವಳು. "ಆಟಕ್ಕ."

ಆಮೇಲೆ ಆ ಕಾಲುಗಳು ಮುಂದಿನ ಬಾಗಿಲಿನ ಕಡೆಗೆ ನಡೆದವು.