ಈರಣ್ಣ ಕಾಯುತ್ತಿದ್ದ ಮೂಲೆ

ಈರಣ್ಣ ಹಿಂದಕ್ಕೆ ಓಡುತ್ತಿದ್ದ. ನಾಶಿಕದ ಪಂಚವಟಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಸಾಕು, ಮುಖ ನಮ್ಮ ಮನೆ ಕಡೆ, ಬೆನ್ನು ಗೋದಾವರಿ ಕಡೆ, ನಡು ಬಗ್ಗಿಸಿಕೊಂಡು ಹಿಂದಹಿಂದಕ್ಕೆ ಓಟ. ರಿಕ್ಷಾದವರು ಬೈಯುತ್ತಿದ್ದರು, ಪೂಜಾರಿಗಳು ಸರಿದು ನಿಲ್ಲುತ್ತಿದ್ದರು. ಒಬ್ಬರಿಗೂ ಬಡಿದವನಲ್ಲ.

ವಿಜಯಪುರದ ಕಡೆಯವ, ಇಪ್ಪತ್ತಾರು ವರ್ಷ. ನಮ್ಮ ಮಾಳಿಗೆ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ, ಊಟ ನನ್ನ ಕೈಯದೇ. ಹಗಲು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ನು, ಸಂಜೆ ಅಮೆರಿಕದ ಫುಟ್‌ಬಾಲು. ಮೊದಲು ಕಬಡ್ಡಿ ಆಡುತ್ತಿದ್ದನಂತೆ. ಇಲ್ಲಿನ ಕೋಚೊಬ್ಬ ಅವನ ಹಿಡಿತ ನೋಡಿ ಇದಕ್ಕೆ ಎಳೆದುಕೊಂಡ. ಹೆಸರು ಫುಟ್‌ಬಾಲು, ಚೆಂಡು ಹಿಡಿಯುವುದು ಕೈಯಲ್ಲಿ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬಿನಂಥ ಕವಚ. ಎದುರಿನವರು ದೂರದಿಂದ ಚೆಂಡು ಎಸೆಯುತ್ತಾರೆ, ಅವರಲ್ಲೊಬ್ಬ ಅದನ್ನು ಹಿಡಿಯಲು ಓಡಿ ಬರುತ್ತಾನೆ. ಮೂಲೆಯಲ್ಲಿ ನಿಂತು, ಅವನನ್ನೇ ನೋಡುತ್ತ ಹಿಂದಹಿಂದಕ್ಕೆ ಓಡಿ, ಅವನ ಕೈಗೆ ಚೆಂಡು ಸಿಗದಂತೆ ಕಾಯುವುದು ಈರಣ್ಣನ ಕೆಲಸ.

"ನನ್ನ ಹೆಸರು ಮಂದಿ ಕೂಗಿದ್ರಂದ್ರ ನಾ ತಪ್ಪೀನಿ ಅಂತ ತಿಳೀರಿ ಆಯಿ," ಅನ್ನುತ್ತಿದ್ದ. ಮರಾಠಿಯವರು ತಾಯಿಗೆ ಅನ್ನುವಂತೆ ನನಗೆ ಆಯಿ ಅನ್ನುತ್ತಿದ್ದ. ಯಾರಿಗೂ ಕಾಣದ ಕೆಲಸಕ್ಕೆ ಹಲ್ಲು ಯಾಕೆ ಮುರಕೊಳ್ಳುತ್ತೀ ಅಂದರೆ, ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ.

ಆ ವರ್ಷ ಸಂಭಾಜಿನಗರದಲ್ಲಿ, ಆಗ ನಾವು ಔರಂಗಾಬಾದ್ ಅನ್ನುತ್ತಿದ್ದೆವು, ಒಂದೇ ದಿನ ಎರಡು ಆಟ. ಸಂಜೆಯ ಆಟ ನೋಡಿ ಆರಿಸಿಕೊಳ್ಳಲು ಸಂಬಳ ಕೊಡುವ ತಂಡದವರು ಮುಂಬೈಯಿಂದ ಬರುವವರಿದ್ದರು. ಆರಿಸದಿದ್ದರೆ ಆಟ ಬಿಟ್ಟು ಊರಿಗೆ ಬರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದ. ಮಗಳ ಮನೆ ಅಲ್ಲೇ ಇತ್ತೆಂದು ನಾನೂ ಹೋಗಿದ್ದೆ. ಬೆಳಗಿನ ಆಟದಲ್ಲಿ ಒಬ್ಬ ಬಂದು ತಲೆಗೆ ತಲೆ ಗುದ್ದಿದ. ಈರಣ್ಣ ಬಿದ್ದ, ಎದ್ದ, ಏನಿಲ್ಲವೆಂದು ಕೈ ಎತ್ತಿದ.

ಮಧ್ಯಾಹ್ನ ಮಗಳ ಮನೆಯಲ್ಲಿ ಬಡಿಸಿದೆ. ಅವನ ಸಲುವಾಗಿ ಹೋಳಿಗೆ ಮಾಡಿದ್ದೆ. "ನಾವು ಗೆದ್ದೇವೇನ್ರಿ?" ಅಂದ. ಸೋತಿರಿ ಅಂದೆ. ನಾಲ್ಕು ತುತ್ತು ಉಂಡು ಮತ್ತೆ ಅದನ್ನೇ ಕೇಳಿದ. ಮೂರನೇ ಸಲ ಕೇಳಿದಾಗ ನನ್ನ ಕೈ ತುಪ್ಪದ ಮಿಳ್ಳಿಯ ಮೇಲೇ ನಿಂತಿತು. ಪೆಟ್ಟಿಗೆ ನೆನಪು ತಪ್ಪುತ್ತಿದೆಯೆಂದು ಅವನಿಗೂ ತಿಳಿಯಿತು. ಕೋಚಿಗೆ ಹೇಳಬೇಡಿರೆಂದು ಕಾಲು ಹಿಡಿದ. ಅದೇ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಇವನು ಏಳುತ್ತಾನೆಂಬ ಭರವಸೆ ನನಗಿರಲಿಲ್ಲ. ಹ್ಞೂಂ ಅನ್ನಲಿಲ್ಲ.

ಸಂಜೆ ಮೈದಾನದಲ್ಲಿ ಕೋಚಿಗೆ ಹೇಳಿಬಿಟ್ಟೆ. ಆತ ಈರಣ್ಣನನ್ನು ಕರೆದು ಬೆಳಗಿನ ಆಟ ಏನಾಯಿತೆಂದು ಮರಾಠಿಯಲ್ಲಿ ಕೇಳಿದ. ಸೋತೆವೆಂದು ಈರಣ್ಣ ಥಟ್ಟನೆ ಹೇಳಿದ. ನಾನೇ ಮೂರು ಸಲ ಕೊಟ್ಟ ಉತ್ತರ. ಮುದುಕಿಗೆ ಅರಳು ಮರಳು ಅಂದುಕೊಂಡಿರಬೇಕು ಕೋಚು, ಮುಖ ತಿರುಗಿಸಿದ. ಸೀಟಿ ಆಯಿತು. ಎಲ್ಲರೂ ಒಳಗೆ ಇಳಿಯುತ್ತಿದ್ದರು. ಈರಣ್ಣ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ.

ಸುಣ್ಣದ ಗೆರೆ ದಾಟಿ ಹೋಗಿ ಅವನೆದುರು ನಿಂತೆ.

"ಮಧ್ಯಾಹ್ನ ನಾ ಏನು ಬಡಿಸೀನಿ, ಹೇಳು."

ನನ್ನ ಮುಖವನ್ನೇ ನೋಡಿದ.

"ರೊಟ್ಟಿ ಮತ್ತ ಝುಣಕಾ," ಅಂದ.

ಬಡಿಸಿದ್ದು ಹೋಳಿಗೆ, ಮೂರು ತಿಂದಿದ್ದಾನೆ ಅಂತ ಕೋಚಿಗೆ ಮರಾಠಿಯಲ್ಲಿ ಹೇಳಿದೆ. ಆತ ಹೆಲ್ಮೆಟ್ಟು ತೆಗೆದುಕೊಂಡು ಈರಣ್ಣನನ್ನು ಡಾಕ್ಟರ ಹತ್ತಿರ ಕಳಿಸಿದ. ಮುಂಬೈಯವರು ಬೇರೊಬ್ಬನನ್ನು ಆರಿಸಿಕೊಂಡು ಹೋದರು.

ಬಸ್ಸಿನಲ್ಲಿ ನಾಶಿಕಕ್ಕೆ ಮರಳಿದೆವು. ವಾರ ಕಳೆದು ಖೋಲಿ ಬಿಟ್ಟ. ಟ್ರಂಕು ಹೊಸ್ತಿಲಾಚೆ ಇಟ್ಟು, "ನೀವು ನಮ್ಮವ್ವ ಆಗಿದ್ರ ಹೇಳತಿದ್ದಿಲ್ರಿ ಆಯಿ," ಅಂದ.

"ಹೇಳತಿದ್ದಿಲ್ಲ, ಖರೆ. ಅವ್ವ ಅಲ್ಲಂತನ ಹೇಳೀನಿ," ಅಂದೆ.

ಊರಲ್ಲಿ ಸ್ವಂತ ಲೇತ್ ಹಾಕಿದ್ದಾನೆ, ಲಗ್ನವಾಗಿದೆ ಅಂತ ಆಮೇಲೆ ಯಾರೋ ಹೇಳಿದರು. ನನ್ನನ್ನು ಕರೆದಿರಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ.