ಒಂದಗುಳು ಸಾಲದ ಚಿತ್ರ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಒಮ್ಮೆ ಕಂಪ್ಯೂಟರಿಗೆ ಬುದ್ಧಿ ಹೇಳಿದ್ದೇನೆ. ಮೊದಲ ಸಲ ಹೇಳಿದ ಬುದ್ಧಿ ತಪ್ಪಾಗಿತ್ತು.

ತೊಂಬತ್ತರ ದಶಕದ ಕೊನೆ. ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೊಸೆ ಹಳೆಯ ಕಂಪ್ಯೂಟರ್ ಇಟ್ಟು ಕಾರ್ಡು, ಕ್ಯಾಲೆಂಡರು ಮಾಡಿಕೊಡಲು ಹೊರಟಿದ್ದಳು. ಮೊದಲ ಗಿರಾಕಿ ಸೊರಬದ ಅಂಗಡಿಯವರು. ಹಕ್ಕಿ ತುಂಬಿದ ಗುಡವಿ ಕೆರೆಯ ಭಾರಿ ಚಿತ್ರವನ್ನು ಸಿ.ಡಿ.ಯಲ್ಲಿ ಕೊಟ್ಟು, "ಕ್ಯಾಲೆಂಡರಿನ ಮೂಲೆಗೆ ಇದು ಬೆಂಕಿಪೊಟ್ಟಣದಷ್ಟಾಗಬೇಕು. ಆದ್ರೆ ಕೆಲಸ ನಿಮಗೆ, ಇಲ್ಲಾಂದ್ರೆ ಮೂರು ಗಂಟೆ ಬಸ್ಸಿಗೆ ವಾಪಸ್ ಒಯ್ತೀನ್ರೀ" ಅಂದು ಪೇಟೆಗೆ ಹೋದರು.

ಚಿತ್ರ ತೆರೆದರೆ ಕಂಪ್ಯೂಟರ್ ಸ್ತಬ್ಧ.

"ಮೆಮೊರಿ ಸಾಲಂಗಿಲ್ಲ ಅತ್ತೆ. ಇಡೀ ಚಿತ್ರ ಒಳಗೆ ಹಿಡಿಯಲ್ಲ."

ಜಗಲಿಯಿಂದ ಯಜಮಾನರು, "ಆ ಪೆಟ್ಟಿಗೆ ಮಾರಿ ಎಮ್ಮೆ ತರಾಣ. ಎಮ್ಮೆ ನಿಂತ್ರೂ ಹಾಲು ಕೊಡ್ತೈತಿ" ಅಂದರು.

"ಹಾಲು ನೀವೇ ಕರೀರಿ" ಅಂದೆ.

ನಾನು ಅಕ್ಕಿ ಕೇರುತ್ತಿದ್ದೆ. "ಮೂಟೆ ಅಕ್ಕಿನ ಒಂದೇ ಸಲ ಮೊರಕ್ಕೆ ಸುರೀತೀವೇನೇ? ಮೊರ ಹಿಡಿಯೋವಷ್ಟು ಹಾಕು, ತೆಗಿ, ಮತ್ತೆ ಹಾಕು. ಅನ್ನ ಬೆಂದೈತೋ ನೋಡಾಕೆ ಒಂದಗುಳು ಸಾಕು."

ಸೊಸೆ ನಕ್ಕಳು, ಆಮೇಲೆ ಕೀಲಿಮಣೆ ಎಳೆದುಕೊಂಡಳು. ಕ್ಲಾಸಿಗೆ ಹೋಗಿ ಪ್ರೋಗ್ರಾಂ ಬರೆಯಲು ಕಲಿತಿದ್ದಳು. ಚಿತ್ರವೆಂದರೆ ರಂಗೋಲಿಯ ಹಾಗೆ ಸಾಲುಸಾಲು ಚುಕ್ಕಿಯಂತೆ. ಇಪ್ಪತ್ತು ಸಾಲು ಓದಿ, ಅದನ್ನು ಚೌಕ ಚೌಕ ಮಾಡಿ, ಚೌಕಕ್ಕೊಂದು ಚುಕ್ಕಿ ಇಟ್ಟುಕೊಂಡು, ಉಳಿದದ್ದು ಮರೆತು ಮುಂದಿನ ಇಪ್ಪತ್ತಕ್ಕೆ ಹೋಗುವಂತೆ ಬರೆದಳು. ಕಂಪ್ಯೂಟರ್ ಈ ಸಲ ನಿಲ್ಲಲಿಲ್ಲ. ಪುಟ್ಟ ಚಿತ್ರ ಬಂತು. ಕೆರೆ ಇತ್ತು, ಮರ ಇತ್ತು. ಹಕ್ಕಿ ಮಾತ್ರ ಬೆರಳೆಣಿಕೆಗೂ ಇಲ್ಲ.

ಯಜಮಾನರು ಎದ್ದು ಬಂದು ಬಗ್ಗಿ ನೋಡಿದರು. "ಹಕ್ಕಿ ಎಲ್ಲಾ ನಿಮ್ಮತ್ತೆ ಮೊರದ ಗಾಳಿಗೆ ಹಾರಿಹೋದ್ವು."

ಎರಡೂವರೆ ಆಗಿತ್ತು. ಸೊಸೆಯ ಮುಖ ಸಣ್ಣಗಾಯಿತು.

ತಪ್ಪು ನನ್ನದೇ. ಅನ್ನದಲ್ಲಿ ಅಗುಳೆಲ್ಲ ಒಂದೇ ಸಮ ಬೇಯುತ್ತದೆ. ಕೆರೆಯಲ್ಲಿ ಹಕ್ಕಿ ಅಲ್ಲೊಂದು ಇಲ್ಲೊಂದು. ಅಲ್ಲಿ ಆರಿಸಿದ ಚುಕ್ಕಿಗಳೆಲ್ಲ ನೀರಿನವೇ ಆಗಿದ್ದವು.

"ಅಗುಳು ಬಿಡು" ಅಂದೆ. "ಸಾರಿನ ಉಪ್ಪು ಹೆಂಗೆ ನೋಡ್ತೀವಿ? ಕಲಕಿ. ಆ ಚೌಕದ ಚುಕ್ಕಿ ಎಲ್ಲ ಕಲಕಿ ಒಂದು ಮಾಡು."

"ಸರಾಸರಿ, ಅತ್ತೆ."

"ಏನಾದ್ರೂ ಅನ್ನು, ಬೇಗ ಮಾಡು."

ಗಿರಾಕಿ ಬರುವ ಹೊತ್ತಿಗೆ ನೀರಿನ ಮೇಲೆ ಬೆಳ್ಳಗೆ ನುಚ್ಚು ಚೆಲ್ಲಿದ ಹಾಗೆ ಹಕ್ಕಿ ಕೂತಿದ್ದವು. ಅವರು ಕನ್ನಡಕ ಏರಿಸಿ ನೋಡಿ, "ಆತು, ಕ್ಯಾಲೆಂಡರ್ ನೀವೇ ಮಾಡ್ರಿ" ಅಂದು ಬಸ್ಸಿಗೆ ಓಡಿದರು.

ಆಮೇಲೆ ಊಟಕ್ಕೆ ಕೂತೆವು. ಎಮ್ಮೆಯ ಮಾತೇ ಇಲ್ಲ. ಯಜಮಾನರು ಸಾರನ್ನು ಮೂರು ಸಲ ಕಲಕಿ ಬಾಯಿಗಿಟ್ಟರು.

"ಸರಾಸರಿ ನೋಡಿದೆ ಕಣೇ" ಅಂದರು. "ಉಪ್ಪೇ ಹಾಕಿಲ್ಲ."