ಬೆನ್ನು ಹತ್ತಿದವನು ಕೊಟ್ಟ ಖಣ

ಆ ಬೆಳಿಗ್ಗೆಯೂ ನಾನು ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ನಾದಿನಿ ಕನ್ನಡಿಯ ಮುಂದೆ ದುಪಟ್ಟಾಕ್ಕೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಮೊದಲು ಒಂದು ಪಿನ್ನು ಸಾಕಾಗುತ್ತಿತ್ತು. ಈಗ ಎರಡೂ ಹೆಗಲಿಗೆ, ಸೊಂಟಕ್ಕೂ ಒಂದು. ಸವದತ್ತಿಯಿಂದ ಬೈಲಹೊಂಗಲದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಮ್ಮದೇ ಓಣಿಯ ವ್ಯಾಪಾರಸ್ಥರ ಮಗನೊಬ್ಬ ದಿನಾ ಅವಳ ಹಿಂದಿನ ಸೀಟು ಹಿಡಿಯುತ್ತಿದ್ದ. ಇಳಿದ ಮೇಲೆ ಗೇಟಿನವರೆಗೂ ಬೆನ್ನು ಹತ್ತುತ್ತಿದ್ದ.

ಯಜಮಾನರು ಪೇಪರು ಓದಿ ಹೇಳಿದರು: ಇಂಥವರಿಗೆ ಶಿಕ್ಷೆ ಬಿಗಿ ಮಾಡುವ ಮಸೂದೆಯನ್ನು ರಾಜ್ಯ ಸರ್ಕಾರ ತರಲಿದೆಯಂತೆ.

"ಹಂಗಾದ್ರ ಪೊಲೀಸ್ ಸ್ಟೇಶನ್ನಿಗೆ ಹೋಗೂಣ್ರಿ," ಎಂದೆ.

"ಇನ್ನೂ ಕಾಯ್ದೆ ಆಗಿಲ್ಲ. ಅದು ಆಗೂದ್ರಾಗ ಊರ ತುಂಬ ಹುಡುಗಿ ಹೆಸರ ಕೆಡತೈತಿ. ಹಿರ್ಯಾರು ಬರತಾರ, ಮುಗಸ್ತಾರ."

ಅಂದು ಅವಳನ್ನು ಕಾಲೇಜಿಗೆ ಕಳಿಸಲಿಲ್ಲ. ಓಣಿಯ ಹಿರಿಯರು ಬಂದರು, ಚಹಾ ಕುಡಿದರು, ಮುಗಿಸಿದರು. ನಾಗರಪಂಚಮಿ ಹತ್ತಿರವಿತ್ತು. ಅಣ್ಣ ತಂಗಿಗೆ ಕುಪ್ಪಸದ ಖಣ ಕೊಡುವ ಹಬ್ಬ. ಹುಡುಗನೂ ಖಣ ಕೊಟ್ಟು 'ತಂಗಿ' ಅನ್ನಲಿ, ಅಣ್ಣನಾದವನು ಕೆಟ್ಟ ಕಣ್ಣು ಹಾಕಲಾರ ಎಂದು ತೀರ್ಪು. ಒಪ್ಪದಿದ್ದರೆ ಕಾಲೇಜು ಬಿಡಿಸಿ ರಾಮದುರ್ಗದ ಸೋದರಮಾವನ ಮನೆಗೆ ಕಳಿಸುವುದಾಗಿ ಅತ್ತೆ ಆಗಲೇ ಹೇಳಿದ್ದರು. ಡಿಗ್ರಿಯ ಕೊನೆಯ ವರ್ಷ. ನಾದಿನಿ ಹೂಂ ಅಂದಳು.

ಮಧ್ಯಾಹ್ನ ಅವನು ಎಣ್ಣೆ ಹಚ್ಚಿ ಬಾಚಿಕೊಂಡು ಬಂದ. ಹಸಿರು ಖಣಕ್ಕೆ ಅಂಗಡಿಯ ಚೀಟಿ ಹಾಗೇ ಅಂಟಿತ್ತು. ಅವಳು ಕೈ ಚಾಚಲಿಲ್ಲ. ಅತ್ತೆಯೇ ಮೊಣಕೈ ಹಿಡಿದು ಮುಂದೆ ತಂದರು. ಖಣ ಇಡುವಾಗ ಅವನ ಹೆಬ್ಬೆರಳು ಅವಳ ಅಂಗೈ ಮೇಲೆ ತಡೆದು ನಿಂತಿತು. ನಾನು ನೋಡಿದೆ. ಹಿರಿಯರು ಅಡಕೆ ಕತ್ತರಿಸುತ್ತಿದ್ದರು.

ಆಮೇಲೆ ಯಜಮಾನರ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. "ವೈನಿ, ಚಹಾ ತರ್ರಿ. ಇನ್ನ ನಾನೂ ಮನಿ ಮಗಾನ ಅಲ್ಲೇನ್ರಿ? ತಂಗೀ, ನಾಳೆ ಬಸ್ಸಿನ್ಯಾಗ ಬಾಜೂಕ ಕುಂದರು. ಅಣ್ಣನ ಮುಂದ ಏನ್ ನಾಚಿಕಿ?"

ಇಷ್ಟು ದಿನ ರಸ್ತೆಯಲ್ಲಿದ್ದವನಿಗೆ ನಾವೇ ಪಡಸಾಲೆಯ ಬಾಗಿಲು ತೆಗೆದಿದ್ದೆವು! ಧ್ವನಿ ಎತ್ತಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. "ಎದ್ದು ನಡಿಯೋ ಹೊರಗ!" ಎಂದು ಕೂಗಿಯೇ ಬಿಟ್ಟೆ.

"ಮನಿಗೆ ಬಂದವರಿಗೆ ಹಿಂಗ ಅಂತಾರೇನ?" ಎಂದರು ಅತ್ತೆ. ನನಗೆ.

ಅವನು ನಗುತ್ತಲೇ ಚಪ್ಪಲಿ ಮೆಟ್ಟಿದ. ನಾದಿನಿ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿದಳು. "ನಾಳಿಂದ ನಾ ಕಾಲೇಜಿಗೆ ಹೋಗಂಗಿಲ್ಲ, ವೈನಿ."

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಪಕ್ಕದ ಮನೆಯವರು ಗೋಡೆಯಾಚೆಯಿಂದ ಮಾತಾಡಿಸಿದರು. "ಚೊಲೋ ಆತ ಬಿಡ್ರಿ ಅಕ್ಕಾರ, ಹುಡುಗಿಗೆ ಅಣ್ಣ ಸಿಕ್ಕ. ಪಂಚಮಿಗೆ ಉಂಡಿ ಸ್ವಲ್ಪ ಹೆಚ್ಚಿಗಿ ಕಟ್ರಿ, ಅಂವಗೂ ಕೊಡಬೇಕಲ್ಲ."